ಸಿಳ್ಳೆ ಕಳೆದುಕೊಂಡ ಬಾಯಿ

ಬಿದ್ದವಳು ಅವಳು, ಬೀಳಿಸಿದ್ದು ನಾಯಿ. ಆದರೆ ಅವಳಿಗೆ ಮೈಯೆಲ್ಲ ಉರಿದದ್ದು, ಸ್ವಲ್ಪ ದೂರದಲ್ಲಿ ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದ ಗಂಡಸನ್ನು ನೋಡಿ.

ಚಳಿಗಾಲದ ಬೆಳಗು. ಸಮುದ್ರದಂಡೆಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಉಣ್ಣೆ ಟೊಪ್ಪಿ ಕಿವಿಯವರೆಗೆ ಎಳೆದುಕೊಂಡು, ಎರಡೂ ಕೈ ಕೋಟಿನ ಜೇಬಿಗಿಟ್ಟು, ಅವಳು ತನ್ನ ಪಾಡಿಗೆ ತಾನು ನಡೆಯುತ್ತಿದ್ದಳು. ಹಿಂದೆ ಯಾರೋ ಬಿಸಿ ಹಾಲು ಆರಿಸುವ ಹಾಗೆ ಫೂ ಫೂ ಎಂದು ಊದುವ ಸದ್ದು ಕೇಳಿತ್ತು. ತಿರುಗಿ ನೋಡುವಷ್ಟು ಬೆಲೆಯನ್ನು ಅವಳು ಅದಕ್ಕೆ ಕೊಟ್ಟಿರಲಿಲ್ಲ. ಮರುಗಳಿಗೆಯೇ ಒಂದು ಒದ್ದೆ ಮೂಟೆ ಬಂದು ಮೊಣಕಾಲ ಹಿಂದಕ್ಕೆ ಗುದ್ದಿತು. ಕೈಗಳು ಜೇಬಿನಿಂದ ಹೊರಬರುವಷ್ಟರಲ್ಲಿ ಅವಳು ಹಸಿ ಮರಳಿನಲ್ಲಿ ಕೂತಾಗಿತ್ತು.

"ನಗ್ತಾ ಇದೀರಾ?" ಎಂದಳು ಕೂತಲ್ಲಿಂದಲೇ.

ಆತ ಇಲ್ಲವೆಂದು ತಲೆ ಅಲ್ಲಾಡಿಸಿದ. ಕೈ ಮಾತ್ರ ಬಾಯಿಂದ ಇಳಿಯಲಿಲ್ಲ.

"ಕೈ ತೆಗೆದು ಹೇಳಿ."

"ಇಲ್ಲ." ಮಾತು ಬೆರಳುಗಳ ಮಧ್ಯದಿಂದ ನುಸುಳಿ ಬಂತು. "ತಪ್ಪಾಯ್ತು. ಅದಕ್ಕೆ ಕಣ್ಣು ಕಾಣಲ್ಲ."

"ಅದಕ್ಕೆ ಕಾಣಲ್ಲ, ಸರಿ. ನಿಮಗೆ?"

"ಕರೆದೆ. ಬರಲಿಲ್ಲ."

"ಯಾವಾಗ ಕರೆದ್ರಿ? ನನಗಂತೂ ಕೇಳಿಸ್ಲಿಲ್ಲ."

ಆತ ಸಮುದ್ರದ ಕಡೆ ನೋಡಿದ. ಆ ನೋಟದಲ್ಲಿದ್ದದ್ದು ಶುದ್ಧ ಧಿಮಾಕು ಎಂದು ಅವಳು ಅಲ್ಲೇ ತೀರ್ಮಾನಿಸಿಬಿಟ್ಟಳು. ಬಿದ್ದವಳಿಗೆ ಕೈ ಕೊಡಲಿಲ್ಲ... ಬಾಯಿ ಮುಚ್ಚಿಕೊಂಡು ಒಳಗೊಳಗೇ ನಗುತ್ತಿದ್ದಾನೆ... ಎಂಥ ಜನ! ತಾನೇ ಎದ್ದು, ಕೋಟಿನ ಮರಳು ಕೊಡವಿ, ಹಿಂತಿರುಗಿ ನೋಡದೆ ನಡೆದಳು. ನಾಯಿ ಮಾತ್ರ ಆಕೆ ಬಿದ್ದ ಜಾಗವನ್ನು ಬಹಳ ಹೊತ್ತು ಮೂಸುತ್ತಿತ್ತು.

ಇದನ್ನು ಯಾರಾದರೂ ಮೊದಲ ನೋಟದ ಪ್ರೀತಿ ಎಂದರೆ ನಂಬಬೇಡಿ. ಇದು ಮೊದಲ ನೋಟದ ತಾತ್ಸಾರ. ಅವಳಿಗೆ ಅದು ಹೊಸದೂ ಅಲ್ಲ, ಜಗತ್ತನ್ನು ಅವಳು ನೋಡುತ್ತಿದ್ದದ್ದೇ ಹಾಗೆ.

ಅದಕ್ಕೆ ಕಾರಣ ಅವಳ ಕಸುಬು ಎನ್ನುತ್ತಿದ್ದಳು ಅಕ್ಕ. ತಂಗಿ ಹಲ್ಲು ಮಾಡುವವಳು. ಹಲ್ಲಿನ ಡಾಕ್ಟರಲ್ಲ. ಡಾಕ್ಟರುಗಳು ಕಳಿಸುವ ಬಾಯಿಯ ಅಚ್ಚು ನೋಡಿ, ಮೇಣದಲ್ಲಿ ಹಲ್ಲು ಕೂರಿಸಿ, ಗುಲಾಬಿ ಬಣ್ಣದ ಒಸಡು ಎರೆದು, ಉಜ್ಜಿ ಹೊಳಪು ಕೊಟ್ಟು ಕಳಿಸುವವಳು. ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ ಅವಳ ಕಾರ್ಖಾನೆ. ಕಾರ್ಖಾನೆ ಎಂದರೆ ಒಂದು ಮೇಜು, ಉಜ್ಜುವ ಮೋಟಾರು, ಮೇಣದ ವಾಸನೆ, ಗೋಡೆಯುದ್ದಕ್ಕೂ ಕಪಾಟಿನಲ್ಲಿ ಸಾಲಾಗಿ ಬಾಯಿ ತೆರೆದು ಕೂತ ಸುಣ್ಣದಂಥ ಬಿಳಿ ದವಡೆಗಳು. ಆ ದವಡೆಗಳ ಯಜಮಾನರನ್ನು ಅವಳು ಕಂಡವಳಲ್ಲ. ಕಾಣುವ ಆಸೆಯೂ ಇರಲಿಲ್ಲ. ರಾತ್ರಿ ಹಲ್ಲು ಕಡಿಯುವವನು, ಪೆನ್ನು ಕಚ್ಚುವವಳು, ಸೋಮಾರಿತನದಿಂದ ಒಂದೇ ಕಡೆ ಅಗಿಯುವವನು, ಎಲ್ಲರ ಚರಿತ್ರೆಯೂ ಅವಳಿಗೆ ಅಚ್ಚಿನಲ್ಲೇ ಗೊತ್ತಾಗುತ್ತಿತ್ತು.

ಕೆಲಸದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು. ತೊಂದರೆ ಬಂದದ್ದೇ ಅಲ್ಲಿ.

ಭಾವ ತನ್ನ ಆಫೀಸಿನ ಸ್ನೇಹಿತರನ್ನು ಒಬ್ಬೊಬ್ಬರಾಗಿ ಮನೆಗೆ ಟೀಗೆ ಕರೆತಂದಿದ್ದ. ಒಬ್ಬನ ಕೋರೆಹಲ್ಲು ಹೊರಗೆ, ಇನ್ನೊಬ್ಬನ ಒಸಡು ಜಾಸ್ತಿ, ಮತ್ತೊಬ್ಬ ನಕ್ಕರೆ ಬಾಗಿಲು ತೆರೆದ ಗೋದಾಮು. ಟೀ ಆರುವ ಮೊದಲೇ ಅವಳು ಮೂಗು ಮುರಿದು ಎದ್ದು ಹೋಗುತ್ತಿದ್ದಳು.

"ನಿಂಗೆ ಗಂಡ ಬೇಕಾ, ಬರೀ ಹಲ್ಲು ಬೇಕಾ?" ಎಂದು ಅಕ್ಕ ಕೇಳಿದ್ದಳು.

"ಹಲ್ಲಾದ್ರೆ ನಾನೇ ಮಾಡ್ಕೋತೀನಿ."

"ಹಾಗಾದ್ರೆ ಉಳಿದಿದ್ದನ್ನೂ ನೀನೇ ಮಾಡ್ಕೋ," ಎಂದ ಭಾವ. ಅಂದಿನಿಂದ ಯಾರನ್ನೂ ಕರೆತರಲಿಲ್ಲ.

ಇಂಥವಳಿಗೆ ಈ ಭೂಮಿಯ ಮೇಲೆ ಇಷ್ಟವಾಗಿದ್ದದ್ದು ಒಂದೇ ಒಂದು, ಚಳಿಗಾಲದ ಸಮುದ್ರ. ಬೇಸಿಗೆಯಲ್ಲಿ ಅದೇ ದಂಡೆಯ ಮೇಲೆ ಊರಿಗೆ ಊರೇ ಬಂದು ಬಿದ್ದು, ತಿಂದು, ಎಸೆದು, ಫೋಟೋಗೆ ಹಲ್ಲು ಕಿರಿಯುತ್ತಿತ್ತು. ಚಳಿ ಶುರುವಾದ ಕೂಡಲೇ ಅಷ್ಟೂ ಬಾಯಿಗಳು ಮನೆ ಸೇರುತ್ತಿದ್ದವು. ಐಸ್‌ಕ್ರೀಮ್ ಗೂಡಂಗಡಿಗಳಿಗೆ ಹಲಗೆ ಬೀಳುತ್ತಿತ್ತು. ಆಮೇಲೆ ಉಳಿಯುತ್ತಿದ್ದದ್ದು ಬೂದು ನೀರು, ಬೂದು ಆಕಾಶ, ಮುಖಕ್ಕೆ ಚಾಟಿ ಬೀಸುವ ಗಾಳಿ. ಆ ಗಾಳಿಗೆ ಎದುರಾಗಿ ನಡೆಯುವಾಗ ಅವಳ ಕಣ್ಣಲ್ಲಿ ನೀರು ಬರುತ್ತಿತ್ತು, ಮೂಗು ಕೆಂಪಾಗುತ್ತಿತ್ತು, ಎದೆಯೊಳಗೆ ಮಾತ್ರ ಹೇಳಲಾರದಷ್ಟು ಸುಖ. ಹಲಗೆ ಹಾಕಿದ ಗೂಡಂಗಡಿಗಳಿಂದ ಬಂದರಿನ ಕಲ್ಲೊಡ್ಡಿನ ತನಕ, ಮತ್ತೆ ಅಲ್ಲಿಂದ ವಾಪಸ್. ಅಷ್ಟು ಹೊತ್ತು ಯಾರ ಮೇಲೂ ಸಿಟ್ಟಿಲ್ಲದೆ ಇರುತ್ತಿದ್ದಳು. ಇಡೀ ದಿನದಲ್ಲಿ ಅವಳು ಒಳ್ಳೆಯ ಮನುಷ್ಯಳಾಗಿರುತ್ತಿದ್ದದ್ದು ಅಷ್ಟೇ ಹೊತ್ತು.

ಈಗ ಅದಕ್ಕೂ ಕಲ್ಲು ಬಿತ್ತು. ಮರುದಿನವೂ ಆತ ಅಲ್ಲಿದ್ದ. ಅದರ ಮರುದಿನವೂ.

ಮೂಗಿನ ಕೆಳಗೆ ಏನೂ ಕಾಣದ ಹಾಗೆ ಮಫ್ಲರ್ ಸುತ್ತಿಕೊಂಡಿರುತ್ತಿದ್ದ. ಅವಳು ಅವನಿಗೆ ಮನಸ್ಸಿನಲ್ಲೇ 'ಹೊಲಿಗೆಬಾಯಿ' ಎಂದು ಹೆಸರಿಟ್ಟಳು. ಬೇಗ ಬಂದು ನೋಡಿದಳು, ತಡವಾಗಿ ಬಂದು ನೋಡಿದಳು. ಯಾವಾಗ ಬಂದರೂ ಹೊಲಿಗೆಬಾಯಿ ದಂಡೆಯ ಮೇಲೆ ಓಡುತ್ತಿದ್ದ, ನಾಯಿಯ ಹಿಂದೆ. ಮುದಿ ನಾಯಿ, ಕಣ್ಣಿಗೆ ಹಾಲಿನಂಥ ಪೊರೆ. ಆದರೂ ಸಮುದ್ರದ ವಾಸನೆ ಬಡಿದರೆ ಮರಿಯಾಗಿ ಬಿಡುತ್ತಿತ್ತು. ಎತ್ತಲೋ ನುಗ್ಗುತ್ತಿತ್ತು. ಆತ ಓಡಿ ಹೋಗಿ, ಕುತ್ತಿಗೆ ಹಿಡಿದು ತಿರುಗಿಸಿ, ಮತ್ತೆ ಓಡುತ್ತಿದ್ದ.

ಕೊನೆಗೆ ಅವಳಿಗೆ ತಡೆಯಲಾಗಲಿಲ್ಲ.

"ಕರೆದ್ರೆ ಬರೋ ಹಾಗೆ ಕಲಿಸಿಲ್ವಾ ಅದಕ್ಕೆ?"

"ಕಲಿಸಿದ್ದೆ."

"ಚೆನ್ನಾಗಿ ಕಲಿಸಿದೀರಿ."

ಆತ ಮಫ್ಲರಿನೊಳಗಿಂದಲೇ ಹೇಳಿದ: "ನೀವು ದಿನಾ ಮುಖ ಗಂಟು ಹಾಕ್ಕೊಂಡು ನಡೀತೀರಲ್ಲ, ಅದೂ ಯಾರಾದ್ರೂ ಕಲಿಸಿದ್ದಾ?"

ಹಾಗೆ ಅವಳಿಗೆ ತಿರುಗಿ ಹೇಳಿದವರು ಅದುವರೆಗೆ ಭಾವನೊಬ್ಬನೇ.

"ಇದರ ಹೆಸರೇನು?" ಎಂದಳು ನಾಯಿಯ ಕಡೆ ನೋಡಿ.

"ಯಜಮಾನ."

"ನಾಯಿಗೆ?"

"ಹೋದ ಕಡೆಯೆಲ್ಲ ಅವರ ಹಿಂದೆ ನಾನು ಓಡಬೇಕು. ಇನ್ನೇನಂತ ಕರೀಲಿ?"

ಅವಳಿಗೆ ನಗು ಬಂತು. ಬಂದ ನಗುವನ್ನು ಕೆಮ್ಮಿ ಮುಚ್ಚಿದಳು. ಇಷ್ಟಕ್ಕೆಲ್ಲ ಈಚೆಗೆ ಬರುವ ಅಗ್ಗದ ನಗು ತನ್ನದಲ್ಲ ಎಂಬ ನಂಬಿಕೆ ಅವಳದು.

ಹಾಗೆ ಇಬ್ಬರೂ ಒಂದೇ ದಿಕ್ಕಿಗೆ ನಡೆಯತೊಡಗಿದರು. ಜೊತೆಯಾಗಿ ಅಂತಲ್ಲ, ಅಕ್ಕಪಕ್ಕದಲ್ಲಿ. ಮಧ್ಯೆ ಯಜಮಾನ. ಮಾತು ಕಡಿಮೆ, ಇದ್ದದ್ದೆಲ್ಲ ಕೊಂಕು. ಆಕೆ ಅವನ ಮಫ್ಲರನ್ನು ಒರೆಸುವ ಬಟ್ಟೆ ಎಂದಳು. ಆತ ಅವಳ ಟೊಪ್ಪಿಯನ್ನು ಕೆಟಲ್ ಮುಚ್ಚುವ ಬಟ್ಟೆ ಎಂದ. ದಂಡೆಯಾಚೆ ರಸ್ತೆಬದಿಯ ಕಟ್ಟೆಯ ಮೇಲೆ ಕೂತು ಗುಂಪಾಗಿ ಕೈಕಾಲು ಎತ್ತಿಳಿಸುತ್ತಿದ್ದ ಆರೋಗ್ಯಪ್ರಿಯರನ್ನು ಕಂಡು ಇಬ್ಬರೂ ಒಟ್ಟಿಗೇ ತಿರಸ್ಕಾರದ ಉಸಿರು ಬಿಟ್ಟರು. ಇಬ್ಬರ ಉಸಿರೂ ಒಂದೇ ಸಲ ಹೊಗೆಯಾಗಿ ಎದ್ದದ್ದನ್ನು ನೋಡಿ ಅವಳಿಗೆ ಯಾಕೋ ಹಿತವೆನಿಸಿತು. ತಾತ್ಸಾರ ಮಾಡುವುದಕ್ಕೂ ಜೊತೆ ಸಿಕ್ಕರೆ ಎಷ್ಟು ಚೆನ್ನ ಎಂದು ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

"ಏನು ಕೆಲಸ ನಿಮ್ಮದು?" ಎಂದು ಕೇಳಿದಳು ಒಮ್ಮೆ.

"ಬಂದರಿನಲ್ಲಿ. ಕ್ರೇನ್ ಮೇಲೆ ಕೂತೋನಿಗೆ ಕೆಳಗಿಂದ ಕೈ ಸನ್ನೆ ಮಾಡೋದು. ಎತ್ತು, ಇಳಿಸು, ನಿಲ್ಲಿಸು."

"ಅಲ್ಲೂ ಬಾಯಿ ಬಿಡಲ್ಲ ಅನ್ನಿ."

"ಅಲ್ಲಿ ಬಾಯಿ ಬಿಟ್ರೂ ಕೇಳಲ್ಲ. ನಿಮ್ಮದು?"

"ಸಣ್ಣ ಸಣ್ಣ ವಸ್ತು ಮಾಡ್ತೀನಿ," ಎಂದಳು. ಹಲ್ಲು ಎಂದು ಹೇಳಲಿಲ್ಲ. ಹೇಳಿದ ಕೂಡಲೇ ಜನ ಒಂದೋ ಬಾಯಿ ಗಟ್ಟಿಯಾಗಿ ಮುಚ್ಚಿಕೊಳ್ಳುತ್ತಾರೆ, ಇಲ್ಲವೇ ನಿಂತ ನಿಲುವಿನಲ್ಲೇ ಆ ಎಂದು ಹುಳುಕು ತೋರಿಸುತ್ತಾರೆ. ಎರಡೂ ಅವಳಿಗೆ ಸಾಕಾಗಿತ್ತು.

ಫ್ಲಾಸ್ಕಿನಲ್ಲಿ ಟೀ ತರುವುದು ಅವಳ ರೂಢಿ. ಒಂದು ಬೆಳಗ್ಗೆ ಅದರ ಜೊತೆ ಎರಡನೆಯ ಕಪ್ಪನ್ನೂ ಚೀಲಕ್ಕೆ ಹಾಕಿದಳು.

"ಅದ್ಯಾಕೆ?" ಎಂದಳು ಅಕ್ಕ.

"ಒಂದು ಒಡೆದ್ರೆ ಇರಲಿ ಅಂತ."

ಸ್ಟೀಲಿನ ಕಪ್ಪು ಹೇಗೆ ಒಡೆಯುತ್ತದೆ ಎಂದು ಅಕ್ಕ ಕೇಳಲಿಲ್ಲ. ಭಾವನ ಕಡೆ ನೋಡಿದಳು. ಭಾವ ಪೇಪರನ್ನು ಮುಖದ ಮೇಲಕ್ಕೆ ಎಳೆದುಕೊಂಡ.

ಟೀ ಕೊಟ್ಟರೆ ಆತ ಬೆನ್ನು ತಿರುಗಿಸಿ ಕುಡಿಯುತ್ತಿದ್ದ. ಕಪ್ಪು ತೊಳೆದು ಕೊಡುವಾಗ ಮಫ್ಲರ್ ಮತ್ತೆ ಮೂಗಿನವರೆಗೆ. ಅವಳಿಗೆ ಅದು ಮುಳ್ಳಿನ ಹಾಗೆ ಚುಚ್ಚತೊಡಗಿತು. ತಾನು ಎಷ್ಟು ಕೊಂಕಾಡಿದರೂ ಅವನ ಕಣ್ಣು ನಗುತ್ತದೆ, ಬಾಯಿ ಮಾತ್ರ ತನಗೆ ಕಾಣಿಸುವುದಿಲ್ಲ. 'ನನ್ನೆದುರು ನಕ್ಕರೆ ಏನು ಸವೆದು ಹೋಗುತ್ತೆ ಇವನಿಗೆ? ಒಂದು ಸಲ... ಒಂದೇ ಒಂದು ಸಲ ನಗಬಾರದೇ?'

ಲೋಕದ ನಗುವನ್ನೆಲ್ಲ ಕಪಾಟಿನಲ್ಲಿಟ್ಟು ಧೂಳು ಹಿಡಿಸಿದವಳು ಈಗ ಒಬ್ಬನ ನಗುವಿಗೆ ಕಾದು ಕೂತಿದ್ದಳು. ಅವಳನ್ನು ನೋಡಿ ಪಾಪ ಎನ್ನಬೇಕಿಲ್ಲ, ತಕ್ಕದ್ದೇ ಆಯಿತು.

ಆ ದಿನ ಮಂಜು ಇಳಿದಿತ್ತು. ಗೂಡಂಗಡಿಗಳೂ ಕಾಣದಷ್ಟು ದಟ್ಟ ಮಂಜು. ಕಲ್ಲೊಡ್ಡಿನ ಹತ್ತಿರ ಬಂದಾಗ ಮಧ್ಯದಲ್ಲಿದ್ದ ಯಜಮಾನ ಇದ್ದಕ್ಕಿದ್ದಂತೆ ಇರಲಿಲ್ಲ.

"ಯಜಮಾನ..." ಎಂದು ಆತ ಕೂಗಿದ. ಕಲ್ಲುಗಳ ಆಚೆ, ನೀರು ಬಡಿಯುವ ಕಡೆಯಿಂದ, ಒಂದು ಸಣ್ಣ ಕುಂಯ್ ಸದ್ದು.

ಆತ ಮಫ್ಲರ್ ಕೆಳಗೆಳೆದು, ತುಟಿ ಬಿಗಿದು ಊದಿದ. ಫೂ... ಮತ್ತೆ ಫೂ... ಬರೀ ಗಾಳಿ. ಅದೇ ಮೊದಲ ದಿನದ, ಬಿಸಿ ಹಾಲು ಆರಿಸುವ ಸದ್ದು. ಇನ್ನೊಮ್ಮೆ ಊದಿ, ಕೈ ಚೆಲ್ಲಿ, ಕಲ್ಲುಗಳ ಮೇಲೆ ಓಡಿ ಮಂಜಿನೊಳಗೆ ಮಾಯವಾದ. ಅವಳು ಒಬ್ಬಳೇ ನಿಂತಿದ್ದಳು. ಅಲೆ ಬಡಿದ ಸದ್ದು. ಯಾರೋ ಜಾರಿದ ಸದ್ದು. ಆಮೇಲೆ ಬಹಳ ಹೊತ್ತು ಏನೂ ಇಲ್ಲ...

ಕೊನೆಗೆ ಬಂದ. ಸೊಂಟದವರೆಗೆ ಒದ್ದೆ, ಅಂಗೈ ಕಿತ್ತು ರಕ್ತ, ತೋಳಿನಲ್ಲಿ ಗಡಗಡ ನಡುಗುವ ನಾಯಿ.

ಭಯವೆಲ್ಲ ಅವಳ ಬಾಯಲ್ಲಿ ಸಿಟ್ಟಾಗಿ ಬಂತು. ಬೇರೆ ರೂಪದಲ್ಲಿ ಬರುವುದು ಅದಕ್ಕೆ ಗೊತ್ತಿರಲಿಲ್ಲ.

"ನಾಚಿಕೆ ಆಗಲ್ವಾ ನಿಮಗೆ? ಒಂದು ಕುರುಡು ನಾಯೀನ ಕರೆಯೋಕೆ ಬರಲ್ಲ. ಇಬ್ರೂ ಸತ್ತಿದ್ರೆ? ಬರೀ ಫೂ ಫೂ ಅಂತ ಊದ್ಕೊಂಡು ನಿಂತ್ರೆ ಯಾರು ಬರ್ತಾರೆ?"

ಆತ ನಾಯಿಯನ್ನು ಮರಳಿನ ಮೇಲಿಳಿಸಿ, ತನ್ನ ಮಫ್ಲರಿನಿಂದ ಅದರ ಮೈ ಒರೆಸತೊಡಗಿದ.

"ಮೊದಲು ಬರ್ತಿತ್ತು," ಎಂದ, ತಲೆಯೆತ್ತದೆ. "ನನ್ನ ಮುಂದಿನ ಎರಡು ಹಲ್ಲಿನ ಮಧ್ಯೆ ಸಂದಿ ಇತ್ತು. ಅದರಲ್ಲಿ ಸಿಳ್ಳೆ ಹೊಡೀತಿದ್ದೆ. ಮರಿ ಇದ್ದಾಗಿಂದ ಇವನಿಗೆ ಗೊತ್ತಿರೋದು ಅದೊಂದೇ ಸದ್ದು. ಹೆಸರು ಕೂಗಿದ್ರೆ ಮುಖ ಎತ್ತುತ್ತಾನೆ, ದಿಕ್ಕು ಸಿಗಲ್ಲ. ಪೀಪಿ ತಂದೂ ನೋಡಿದೆ. ಅದು ಅವನಿಗೆ ಯಾರದ್ದೋ ಸದ್ದು."

"ಈಗ ಸಂದಿಗೇನಾಯ್ತು?"

"ಬಂದರಿನಲ್ಲಿ ಸರಪಳಿ ಬೀಸಿ ಬಾಯಿಗೆ ಬಡೀತು. ಎರಡೂ ಹೋದ್ವು. ಹೊಸಾದು ಹಾಕಿಸ್ದಾಗ ಸಂದಿ ಹಾಗೇ ಇರಲಿ ಅಂದಿದ್ದೆ. ಕೊಟ್ಟಾಗ ಇರಲಿಲ್ಲ. ಡಾಕ್ಟ್ರು ನೋಡೋಕೆ ಇದೇ ಲಕ್ಷಣ ಅಂದ್ರು." ಆತ ತಲೆಯೆತ್ತಿದ. "ಕನ್ನಡೀಲಿ ನೋಡಿದ್ರೆ ಯಾವನೋ ಬೇರೆಯವನು ನನ್ನ ಬಾಯಲ್ಲಿ ನಗ್ತಿರೋ ಹಾಗಿರುತ್ತೆ. ಅದಕ್ಕೇ ಮುಚ್ಕೊಂಡಿರ್ತೀನಿ. ನೋಡಿ."

ಆತ ಬಾಯಿ ತೆರೆದ.

ಅವಳು ನೋಡಿದಳು. ಅಂದದ ಎರಡು ಹಲ್ಲು. ಒಂದಕ್ಕೊಂದು ಒತ್ತಿಕೊಂಡು, ಕೂದಲೂ ತೂರದ ಹಾಗೆ ಕೂತಿದ್ದವು. ಎಡಗಡೆಯದರ ಮೇಲೆ ಹುಡುಕಿದರೆ ಮಾತ್ರ ಕಾಣುವಂಥ ಒಂದು ಸಣ್ಣ ಗೀರು. ತೀರ ನಯವಾಗಿದ್ದರೆ ಹಲ್ಲು ಸುಳ್ಳು ಹೇಳುತ್ತದೆ ಎಂದು ಪ್ರತಿಯೊಂದು ಕೆಲಸದಲ್ಲೂ ಅವಳೇ ಎಳೆಯುತ್ತಿದ್ದ ಗೀರು.

ಅವಳದೇ ಕೈಕೆಲಸ.

ಒಂದು ಹೆಜ್ಜೆ ಹಿಂದೆ ಸರಿದಳು.

"ನನಗೆ... ಕೆಲಸಕ್ಕೆ ಹೊತ್ತಾಯ್ತು," ಎಂದು ತಿರುಗಿ ಬಿರಬಿರನೆ ನಡೆದುಬಿಟ್ಟಳು.

ಹಿಂದಿನಿಂದ ಅವನ ಮಾತು ಕೇಳಿತು. ಜೋರಾಗಿ ಹೇಳಿದ್ದಲ್ಲ, ಮಂಜಿನಲ್ಲಿ ಗಾಳಿಯಿಲ್ಲದ್ದರಿಂದ ಕೇಳಿತು.

"ಹೀಗಾಗುತ್ತೆ ಅಂತ ಗೊತ್ತಿತ್ತು. ಅದಕ್ಕೇ ಇಷ್ಟು ದಿನ ತೋರಿಸಿರಲಿಲ್ಲ."

ತಿರುಗಿ ಹೋಗಿ, ಅಸಹ್ಯವಾದದ್ದು ನಿಮ್ಮನ್ನು ಕಂಡಲ್ಲ, ನನ್ನನ್ನೇ ಕಂಡು ಎಂದು ಹೇಳಬಹುದಿತ್ತು. ಹೇಳಲಿಲ್ಲ. ಊರಿನ ಬಾಯಿಗಳನ್ನೆಲ್ಲ ತೂಗಿ ನೋಡಿದ ಧೀರೆ ಆ ದಿನ ಬಾಲ ಮುದುರಿಕೊಂಡು ಮನೆ ಸೇರಿದಳು.

ಮರುದಿನ ಅವಳು ಸಮುದ್ರಕ್ಕೆ ಹೋಗಲಿಲ್ಲ. ಅದರ ಮರುದಿನವೂ ಇಲ್ಲ. ಇಡೀ ವರ್ಷ ಕಾದು ಪಡೆದ ಚಳಿಗಾಲ ಕಿಟಕಿಯಾಚೆ ದಂಡವಾಗುತ್ತಿತ್ತು.

ಮೇಜಿನ ಮುಂದೆ ಕೂತರೆ ಆ ಎರಡು ಹಲ್ಲಿನ ಕೆಲಸ ಕೊಡುವಾಗ ಡಾಕ್ಟರು ಮಾಡಿದ್ದ ಫೋನು ಕಿವಿಯಲ್ಲಿ ಮತ್ತೆ ಮತ್ತೆ ಮೊಳಗುತ್ತಿತ್ತು. "ನೋಡಮ್ಮ, ಪೇಶೆಂಟ್‌ಗೆ ಮಧ್ಯದ ಸಂದಿ ಹಾಗೇ ಬೇಕಂತೆ. ಹಳೇ ಫೋಟೋ ಕಳಿಸಿದೀನಿ." ಆಗ ಅವಳು ಪಟವನ್ನು ದೊಡ್ಡದು ಮಾಡಿ, ಬಾಯಿಯಷ್ಟನ್ನೇ ನೋಡಿ, ತುಟಿ ಓರೆ ಮಾಡಿದ್ದಳು. ಸಂದಿ ಬೇಕಂತೆ... ಗತಿಗೆಟ್ಟ ರುಚಿ. ಜನಕ್ಕೆ ಏನು ಗೊತ್ತಾಗುತ್ತೆ? ಒಂದು ಅಳತೆ ದೊಡ್ಡ ಹಲ್ಲು ಆರಿಸಿ, ಸಂದಿಯನ್ನು ಮುಚ್ಚಿ, ಉಪಕಾರ ಮಾಡಿದೆನೆಂದು ಬೀಗಿ, ಸಂಜೆ ಅಕ್ಕನೊಡನೆ ಆಡಿಕೊಂಡು ನಕ್ಕಿದ್ದಳು ಕೂಡ.

ಈಗ ಅದೇ ಪಟವನ್ನು ಹುಡುಕಿ ತೆಗೆದಳು. ಈ ಸಲ ದೊಡ್ಡದು ಮಾಡಲಿಲ್ಲ. ಇಡೀ ಪಟ ನೋಡಿದಳು. ದಂಡೆಯ ಮೇಲೆ ಕೂತ ಒಬ್ಬ ಮನುಷ್ಯ, ಮಡಿಲಲ್ಲಿ ಒದ್ದೆ ನಾಯಿ. ಆಗಿನ್ನೂ ಅದಕ್ಕೆ ಕಣ್ಣಿತ್ತು. ಆತ ಆಕಾಶ ನೋಡಿ ನಗುತ್ತಿದ್ದ. ಅಷ್ಟು ಬಿಚ್ಚಿ ನಗುವವರನ್ನು ಅವಳು ಜೀವನದಲ್ಲಿ ಕಂಡಿರಲಿಲ್ಲ. ಮಧ್ಯದ ಆ ಸಂದಿಯಿಂದಲೇ ನಗು ಹೊರಗೆ ಬರುತ್ತಿದ್ದಂತಿತ್ತು.

ಅವಳಿಗೆ ಅಳು ಬಂತು. ತನ್ನೆದುರು ನಗಲಿ ಎಂದು ಹಂಬಲಿಸಿದ್ದ ಆ ನಗುವನ್ನು, ಅವನನ್ನು ಕಾಣುವ ಮೊದಲೇ, ತನ್ನ ಕೈಯಾರೆ ಮುಚ್ಚಿ ಹೊಳಪು ಕೊಟ್ಟು ಕಳಿಸಿದ್ದಳು.

"ಟೀ ಫ್ಲಾಸ್ಕು ಮೂಲೇಲಿದೆ," ಎಂದಳು ಅಕ್ಕ ಆ ಸಂಜೆ. "ಕಪ್ಪು ಒಡೀತಾ?"

ಅವಳು ಎಲ್ಲ ಹೇಳಿದಳು. ಅಕ್ಕ ಬಟ್ಟೆ ಮಡಿಸುವುದನ್ನು ನಿಲ್ಲಿಸಿ ಕೇಳಿದಳು.

"ಹೋಗಿ ಹೇಳು."

"ಹೇಳಿದ್ರೆ ಮುಗೀತು. ಮುಖ ನೋಡಲ್ಲ ಅವರು."

"ಹೇಳದಿದ್ರೆ?"

"ಹೇಳದಿದ್ರೆ... ಹಲ್ಲು ನೋಡಿ ನಂಗೆ ಹೇಸಿಗೆ ಆಯ್ತು ಅಂದ್ಕೊಂಡು ಮಫ್ಲರ್ ಸುತ್ಕೊಂಡೇ ಇರ್ತಾರೆ."

ಭಾವ ಪೇಪರಿನ ಹಿಂದಿನಿಂದ ಹೇಳಿದ: "ಅಂತೂ ಒಬ್ಬನ ಮುಖ ನೋಡೋಕೆ ಕಲಿತೆ. ನಮ್ಮ ಆಫೀಸಿನ ಟೀ ಖರ್ಚು ಸುಮ್ನೆ ಹೋಯ್ತು."

"ರೀ, ಸುಮ್ನಿರಿ," ಎಂದಳು ಅಕ್ಕ. ಆಮೇಲೆ ತಂಗಿಯ ಕಡೆ ತಿರುಗಿ, "ಕಳ್ಕೊಳ್ಳೋದಾದ್ರೆ ನಿಜ ಹೇಳಿ ಕಳ್ಕೋ. ಹೀಗೆ ಮೂಲೇಲಿ ಕೂತು ಬೇಡ. ನೋಡೋಕಾಗಲ್ಲ ನಿನ್ನ ಮುಖ," ಎಂದಳು.

ಮರುದಿನ ಕಪಾಟಿನ ಹಿಂದಿನ ಸಾಲಿನಿಂದ ಅವನ ದವಡೆಯ ಅಚ್ಚನ್ನು ಕೆಳಗಿಳಿಸಿದಳು. ಧೂಳು ಒರೆಸಿದಳು. ಬಾಯಿಂದ ತೆಗೆದು ಹಾಕುವಂಥ ಎರಡು ಹಲ್ಲಿನ ಪ್ಲೇಟು, ಅವಳ ಕೈಗೆ ಅದು ಮಕ್ಕಳಾಟ. ಆದರೆ ಈ ಸಲ ಸಲೀಸಾಗಲಿಲ್ಲ. ತಪ್ಪಿಲ್ಲದ್ದನ್ನು ಮಾಡುವುದು ಅವಳಿಗೆ ಬರುತ್ತಿತ್ತು, ಒಬ್ಬ ಮನುಷ್ಯನ ಬಾಯಿಯಂಥದ್ದನ್ನು ಮಾಡುವುದು ಬರುತ್ತಿರಲಿಲ್ಲ. ಸಂದಿ ಅಗಲವಾದರೆ ಗಾಳಿ ಸೋರುತ್ತದೆ, ಕಿರಿದಾದರೆ ಸಿಳ್ಳೆ ಹುಟ್ಟುವುದಿಲ್ಲ. ಪಟ ನೋಡಿದಳು, ಮೇಣ ಕೆರೆದಳು, ಕೆಡಿಸಿದಳು, ಮತ್ತೆ ಕೂರಿಸಿದಳು. ಎಡಗಡೆಯ ಗೀರನ್ನು ಈ ಸಲ ಎಳೆಯಲಿಲ್ಲ. ಅದು ತನ್ನ ಜಂಭದ ಸಹಿ ಎಂದು ಅವಳಿಗೆ ಈಗ ಗೊತ್ತಾಗಿತ್ತು.

ಮೊದಲ ದಿನದಂಥದೇ ಬೆಳಗು. ಗಾಳಿ ಹಾಗೇ, ನೀರು ಹಾಗೇ. ಅವಳು ಗೂಡಂಗಡಿಗಳನ್ನು ದಾಟಿ ನಡೆದಳು. ಚಳಿ ಕೆನ್ನೆಗೆ ಬಡಿದಾಗ, ಇಷ್ಟು ದುಃಖದಲ್ಲೂ, ಒಳಗೆ ಆ ಹಳೆಯ ಸುಖ ಮಿಸುಕಿತು. ಈ ನಡಿಗೆಯನ್ನು ತಾನು ಎಷ್ಟು ಪ್ರೀತಿಸುತ್ತೇನೆ... ಇನ್ನು ಮೇಲೆ ಇದನ್ನೂ ಬಿಡಬೇಕೋ ಏನೋ.

ಆತ ಕಲ್ಲೊಡ್ಡಿನ ಬಳಿ ಇದ್ದ. ನಾಯಿಯ ಕುತ್ತಿಗೆಗೆ ಹಗ್ಗ, ಹಗ್ಗದ ಇನ್ನೊಂದು ತುದಿ ಅವನ ಸೊಂಟಕ್ಕೆ. ಯಜಮಾನ ತಲೆ ತಗ್ಗಿಸಿ, ಬೇಸರದಿಂದ ಕಾಲೆಳೆಯುತ್ತಿದ್ದ. ಸಮುದ್ರದ ಕಡೆ ಮೂಗು ಕೂಡ ಎತ್ತುತ್ತಿರಲಿಲ್ಲ.

"ಕಟ್ಟಿಬಿಟ್ರಾ?" ಎಂದಳು.

"ಇನ್ನೊಂದು ಸಲ ನೀರಿಗೆ ಬಿದ್ರೆ ನಂಗೆ ಎತ್ತೋಕೆ ಆಗಲ್ಲ." ಮಫ್ಲರ್ ಮೂಗಿನವರೆಗೆ ಏರಿತ್ತು. "ನೀವು ಯಾಕೆ ಬಂದ್ರಿ? ಇವತ್ತು ಹೊತ್ತಾಗಿಲ್ವಾ?"

ಆ ಕೊಂಕಿನಲ್ಲಿ ಮೊದಲಿನ ಸಲಿಗೆ ಇರಲಿಲ್ಲ. ಅವಳು ಉಸಿರೆಳೆದುಕೊಂಡು ಒಂದೇ ಏಟಿಗೆ ಹೇಳಿಬಿಟ್ಟಳು.

"ನಾನು ಹಲ್ಲು ಮಾಡೋಳು. ನಿಮ್ಮ ಬಾಯಲ್ಲಿರೋದು ನಾನು ಮಾಡಿದ್ದು. ಸಂದಿ ಇರಲಿ ಅಂತ ಡಾಕ್ಟ್ರು ಹೇಳಿದ್ರು. ಮುಚ್ಚಿದ್ದು ನಾನು."

ಆತ ನಾಯಿಯ ಹಗ್ಗವನ್ನು ಕೈಗೆ ಸುತ್ತಿಕೊಂಡ.

"ಯಾಕೆ?"

ಮರೆತೆ ಎನ್ನಬಹುದಿತ್ತು. ಗಡಿಬಿಡಿಯಲ್ಲಿ ಆಯಿತು ಎನ್ನಬಹುದಿತ್ತು. ಬರುವ ದಾರಿಯುದ್ದಕ್ಕೂ ಅಂಥ ಸುಳ್ಳುಗಳು ನಾಲಿಗೆಯ ತುದಿಗೆ ಬಂದು ಹೋಗಿದ್ದವು.

"ಕುರೂಪ ಅನ್ನಿಸ್ತು," ಎಂದಳು.

"ನಿಮಗೆ ಅದು ಕುರೂಪ." ಆತನ ಧ್ವನಿ ಏರಲಿಲ್ಲ, ಅದೇ ಹೆಚ್ಚು ನೋಯಿಸಿತು. "ನನಗೆ ಅದು ನನ್ನ ಬಾಯಿ. ಇವನಿಗೆ ಅದು ದಾರಿ. ಮುಖಾನೇ ನೋಡದೆ ಮುಚ್ಚಿಬಿಟ್ರಲ್ಲ... ಆಮೇಲೆ ಬಂದು, ನಾಯಿ ಕರೆಯೋಕೆ ಬರಲ್ವಾ ಅಂತ ನನ್ನನ್ನೇ ಕೇಳಿದ್ರಿ."

"ಕೇಳ್ದೆ."

"ದಿನಾ ಕೇಳಿದ್ರಿ."

"ಹೌದು. ನನಗಿಂತ ಕೀಳು ಜನ ಇಲ್ಲ. ಇಷ್ಟು ದಿನ ಅದು ಬೇರೆಯವರೆಲ್ಲ ಅಂದ್ಕೊಂಡಿದ್ದೆ." ಅವಳು ಅಲ್ಲಿಗೇ ನಿಲ್ಲಿಸಲಿಲ್ಲ. "ಆ ದಿನ ಹೋಗಿದ್ದು ನಿಮ್ಮನ್ನ ನೋಡಿ ಹೇಸಿಕೊಂಡಲ್ಲ. ನನ್ನ ಕೆಲಸ ನೋಡಿ. ಇದನ್ನ ಹೇಳೋಕೆ ಬಂದೆ. ಮತ್ತೆ ಇದು..."

ಜೇಬಿನಿಂದ ಸಣ್ಣ ಡಬ್ಬಿ ತೆಗೆದು ಕೊಟ್ಟಳು. ಅದರೊಳಗೆ ಎರಡು ಹಲ್ಲು, ಮಧ್ಯೆ ಸಂದಿ. ಆತ ಅದನ್ನು ಬಹಳ ಹೊತ್ತು ನೋಡಿದ. ಆಮೇಲೆ ಬೆನ್ನು ತಿರುಗಿಸಿ, ಬಾಯಲ್ಲಿದ್ದುದನ್ನು ತೆಗೆದು, ಹೊಸದನ್ನು ಕೂರಿಸಿಕೊಂಡ. ಊದಿದ.

ಫೂ...

ಮತ್ತೆ ಊದಿದ. ಬರೀ ಗಾಳಿ.

ಇದೂ ಆಗಲಿಲ್ಲ. ಇಷ್ಟು ದಿನ ಮೆರೆದ ಕೈ ಬೇಕಾದ ಒಂದು ಹೊತ್ತಿಗೆ ಕೈಕೊಟ್ಟಿತು. ಆತ ತಿರುಗಲಿಲ್ಲ. ಬಗ್ಗಿ ನಾಯಿಯ ಹಗ್ಗದ ಗಂಟು ಬಿಚ್ಚುತ್ತಿದ್ದ. ಯಾಕೆಂದು ಕೇಳುವ ಧೈರ್ಯ ಅವಳಿಗಾಗಲಿಲ್ಲ.

"ಬರ್ತೀನಿ," ಎಂದು ಹೊರಟಳು.

ನಡೆದಳು. ಈ ಸಲ ಬಿರಬಿರನೆ ಅಲ್ಲ. ಕಾಲುಗಳು ಮರಳಿನಲ್ಲಿ ಹೂತು ಹೂತು ಬರುತ್ತಿದ್ದವು. ಹಿಂದೆ ಪಟಪಟ ಸದ್ದು ಕೇಳಿತು. ನೋಡಿದರೆ ಯಜಮಾನ, ಅವಳ ಕೋಟಿನ ವಾಸನೆ ಹಿಡಿದು ಜೊತೆಗೇ ಬರುತ್ತಿದ್ದ. "ಹೋಗೋ... ನೀನಾದ್ರೂ ಬುದ್ಧಿ ಇಟ್ಕೊಂಡಿರೋ," ಎಂದಳು ಅಳುತ್ತಲೇ. ಅದು ಹೋಗಲಿಲ್ಲ.

ಹಿಂದೆ, ದೂರದಲ್ಲಿ, ಫೂ... ಫೂ... ಆಮೇಲೆ ಸೀಳಿದಂಥ ಒಂದು ಎಳೆ. ನಿಂತಿತು. ಮತ್ತೆ ಬಂತು.

ಆಮೇಲೆ ಸಿಳ್ಳೆ. ಅಲೆಯ ಸದ್ದನ್ನು ಕೊಯ್ದುಕೊಂಡು, ಗಾಳಿಗೆ ಎದುರಾಗಿ, ದಂಡೆಯುದ್ದಕ್ಕೂ ಹರಿದು ಬಂದ ಉದ್ದನೆಯ ಸಿಳ್ಳೆ.

ಯಜಮಾನ ಗಕ್ಕನೆ ನಿಂತ. ಮುದಿ ಕಿವಿಗಳು ನಿಮಿರಿದವು. ಮೈಯೆಲ್ಲ ಒಮ್ಮೆ ನಡುಗಿತು. ತಿರುಗಿ, ಒಂದು ಕಲ್ಲಿಗೂ ಎಡವದೆ, ಎತ್ತಲೂ ಓಲದೆ, ನೇರವಾಗಿ ಬಾಣ ಬಿಟ್ಟ ಹಾಗೆ ಓಡಿದ. ಆತ ಮಂಡಿಯೂರಿ ಎರಡೂ ಕೈ ಚಾಚಿದ್ದ.

ಅವಳೂ ತಿರುಗಿದ್ದಳು. ತಿರುಗಿದ್ದಷ್ಟೇ ಅಲ್ಲ, ನಡೆದು ಬಂದಿದ್ದಳು. ಅವನ ಎದುರಿಗೆ ಬಂದು ನಿಂತ ಮೇಲೇ ಅವಳಿಗದು ಗೊತ್ತಾದದ್ದು.

ನಾಯಿ ಅವನ ಮುಖವನ್ನೆಲ್ಲ ನೆಕ್ಕುತ್ತಿತ್ತು. ಮಫ್ಲರ್ ಎಲ್ಲೋ ಕೆಳಗೆ ಬಿದ್ದಿತ್ತು.

"ನಾನು ಕರೆದಿದ್ದು ನಾಯೀನ," ಎಂದ. "ನೀವ್ಯಾಕೆ ಬಂದ್ರಿ?"

"ಕೆಲಸ ಸರಿಯಾಗಿದೆಯಾ ನೋಡೋಕೆ."

"ಹೇಗಿದೆ?"

"ಬಾಯಿ ಮುಚ್ಕೊಂಡಿದ್ರೆ ಹೇಗೆ ಹೇಳ್ಲಿ?"

ಆತ ನಕ್ಕ. ಪಟದಲ್ಲಿದ್ದ ಹಾಗೆ, ತಲೆ ಹಿಂದಕ್ಕೆ ಚೆಲ್ಲಿ. ಮಧ್ಯದಲ್ಲಿ ಆ ಸಂದಿ. ಅವಳು ಕಣ್ಣೊರೆಸಿಕೊಳ್ಳಲೂ ಮರೆತು ನೋಡುತ್ತ ನಿಂತಳು.

"ಇನ್ನೂ ಸಿಟ್ಟಿದೆ ನಂಗೆ," ಎಂದ, ನಗು ನಿಂತ ಮೇಲೆ. "ಸುಲಭಕ್ಕೆ ಹೋಗಲ್ಲ."

"ಎಷ್ಟು ದಿನ ಇರುತ್ತೆ?"

"ಈ ಚಳಿಗಾಲ ಪೂರ್ತಿ. ಮುಂದಿನದ್ದಕ್ಕೂ ಸ್ವಲ್ಪ ಉಳಿಸ್ಕೋತೀನಿ."

"ಸರಿ. ದಿನಾ ಬಂದು ಬೈಸ್ಕೋತೀನಿ." ಅವಳು ಚೀಲದಿಂದ ಫ್ಲಾಸ್ಕು ತೆಗೆದಳು. ಎರಡೂ ಕಪ್ಪುಗಳು ಅಲ್ಲೇ ಇದ್ದವು. ಅಕ್ಕ ಯಾವಾಗ ಹಾಕಿದ್ದಳೋ. "ಆದ್ರೆ ಒಂದು ಮಾತು. ಆ ಮಫ್ಲರ್ ಮತ್ತೆ ಹಾಕ್ಕೋಬೇಡಿ."

"ಚಳಿಗೆ?"

"ನಡೀರಿ. ನಡೆದ್ರೆ ಬೆಚ್ಚಗಾಗುತ್ತೆ."

ಆತ ಅವಳ ಎದುರೇ ನಿಂತು, ಬೆನ್ನು ತಿರುಗಿಸದೆ ಟೀ ಕುಡಿದ. ಆಮೇಲೆ ಮೂವರೂ ಗಾಳಿಗೆ ಎದುರಾಗಿ ನಡೆದರು. ಈ ಸಲ ನಾಯಿ ಮಧ್ಯದಲ್ಲಿರಲಿಲ್ಲ. ಅದು ಎಲ್ಲೋ ಮುಂದೆ, ನೀರಿನ ಅಂಚಿನಲ್ಲಿ, ಹಗ್ಗವಿಲ್ಲದೆ ಓಡುತ್ತಿತ್ತು.